ಬಸುರಿ ಗಪ್ಪಿಗೆ ಯಾವುದು ಒಳ್ಳೆಯದು: ಬ್ರೀಡರ್ ಬಾಕ್ಸೋ, ಬೇರೆ ಟ್ಯಾಂಕೋ, ಗಿಡಗಳ ಮರೆಯೋ?

ಗಪ್ಪಿ ಅಂದರೆ ಮೊಟ್ಟೆ ಇಡದೆ ನೇರವಾಗಿ ಮರಿ ಹಾಕುವ ಸಣ್ಣ ಅಕ್ವೇರಿಯಂ ಮೀನು. ಹೆಣ್ಣು ಗಪ್ಪಿಯ ಹೊಟ್ಟೆ ಊದಿಕೊಂಡು, ಹಿಂಭಾಗದ ಮಚ್ಚೆ ಕಪ್ಪಾಗುತ್ತಾ ಬಂದರೆ ಬಹಳ ಜನ ಮಾಡುವ ಮೊದಲ ಕೆಲಸ ಒಂದೇ. ಮರಿಗಳು ದೊಡ್ಡ ಮೀನುಗಳ ಬಾಯಿಗೆ ಬೀಳದಿರಲಿ ಅಂತ ಟ್ಯಾಂಕಿಗೆ ನೇತುಹಾಕುವ ಸಣ್ಣ ಪ್ಲಾಸ್ಟಿಕ್ ಪೆಟ್ಟಿಗೆ, ಅಂದರೆ ಬ್ರೀಡರ್ ಬಾಕ್ಸ್ ಒಂದನ್ನು ತಂದು, ಮೀನನ್ನು ಬಲೆಯಲ್ಲಿ ಹಿಡಿದು ಅದರೊಳಗೆ ಬಿಡುವುದು. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಆ ಮೀನು ಮೂರು ದಿನ ಬಾಕ್ಸಿನ ಗೋಡೆಗೆ ಮೂತಿ ಒತ್ತಿಕೊಂಡು ಮೇಲೆ ಕೆಳಗೆ, ಮೇಲೆ ಕೆಳಗೆ ಅಂತ ಈಜುತ್ತಲೇ ಇತ್ತು. ಹಾಕಿದ ಆಹಾರ ಮುಟ್ಟಲಿಲ್ಲ. ಮರಿಯೂ ಹಾಕಲಿಲ್ಲ. ನೋಡಲಾಗದೆ ಮೂರನೇ ರಾತ್ರಿ ವಾಪಸ್ ದೊಡ್ಡ ಟ್ಯಾಂಕಿಗೆ ಬಿಟ್ಟೆ.

ಮರುದಿನ ಬೆಳಿಗ್ಗೆ ದೀಪ ಹಾಕುವ ಮುಂಚೆ ಟಾರ್ಚ್ ಹಿಡಿದು ನೋಡಿದರೆ, ಜಾವಾ ಮಾಸ್ ಅನ್ನುವ ಪಾಚಿಯ ಎಳೆಗಳ ನಡುವೆ ಎರಡು ಕಣ್ಣು. ಅದರ ಪಕ್ಕ ಇನ್ನೆರಡು. ಎಣಿಸುತ್ತಾ ಹೋದರೆ ಹದಿನಾಲ್ಕು ಮರಿ. ಬೇರೆ ಮೀನುಗಳೆಲ್ಲ ಇದ್ದ ಅದೇ ಟ್ಯಾಂಕಿನಲ್ಲಿ, ಅಂಗೈಯಗಲದ ಪಾಚಿಯ ಗುಡ್ಡೆಯೊಳಗೆ ಅವು ಬದುಕಿದ್ದವು. ಬಾಕ್ಸ್ ಬೇಕೇ ಬೇಕು ಅಂತ ನಾನು ನಂಬಿದ್ದು ಅವತ್ತಿಗೆ ಮುಗಿಯಿತು. ಹಾಗಂತ ಬಾಕ್ಸ್ ಯಾವತ್ತೂ ಬೇಡ ಅಂತಲೂ ಅಲ್ಲ. ಯಾವುದು ಯಾವಾಗ ಒಳ್ಳೆಯದು ಅನ್ನುವುದನ್ನೇ ಇಲ್ಲಿ ಹೋಲಿಸಿ ಹೇಳುತ್ತೇನೆ.

ಮೊದಲು ಒಂದು ಲೆಕ್ಕ: ಎಷ್ಟು ಮರಿ ಬೇಕು?

ಯಾವ ದಾರಿ ಹಿಡಿಯಬೇಕು ಅನ್ನುವುದು ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಗಪ್ಪಿಯ ಗರ್ಭದ ಅವಧಿ ಸುಮಾರು 21ರಿಂದ 30 ದಿನ. ಒಂದು ಸಲಕ್ಕೆ ಸಣ್ಣ ವಯಸ್ಸಿನ ಹೆಣ್ಣು ಐದಾರು ಮರಿ ಹಾಕಿದರೆ, ಬಲಿತ ಹೆಣ್ಣು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಐವತ್ತಕ್ಕೂ ಜಾಸ್ತಿ ಹಾಕುತ್ತದೆ. ಒಮ್ಮೆ ಗಂಡಿನ ಜೊತೆ ಕೂಡಿದರೆ ಸಾಕು, ವೀರ್ಯವನ್ನು ಮೈಯೊಳಗೆ ತಿಂಗಳುಗಟ್ಟಲೆ ಕಾಪಾಡಿಕೊಂಡು ಮತ್ತೆ ಮತ್ತೆ ಬಸುರಾಗುತ್ತದೆ. ಹೆಣ್ಣುಗಳನ್ನು ಮಾತ್ರ ಸಾಕಿದವರ ಟ್ಯಾಂಕಿನಲ್ಲೂ ಮರಿ ಕಾಣಿಸುವುದು ಅದಕ್ಕೇ.

ಎರಡು ಹೆಣ್ಣು ಇವೆ, ತಲಾ 25 ಮರಿ ಹಾಕಿದವು ಅಂದುಕೊಳ್ಳಿ. ಎಲ್ಲವೂ ಉಳಿದರೆ ಒಂದೇ ತಿಂಗಳಿಗೆ 50. ಮೂರು ತಿಂಗಳಿಗೆ 150. ಅಷ್ಟರಲ್ಲಿ ಮೊದಲ ಸಲದ ಹೆಣ್ಣುಮರಿಗಳೂ ಬಸುರಾಗಿರುತ್ತವೆ. ನಿಮ್ಮ ಹತ್ತಿರ ಇರುವುದು 60 ಲೀಟರ್‌ನ ಒಂದೇ ಟ್ಯಾಂಕ್ ಆದರೆ ಇವೆಲ್ಲ ಎಲ್ಲಿಗೆ ಹೋಗಬೇಕು? ಕೆರೆಗೋ ಹಳ್ಳಕ್ಕೋ ಬಿಡುವ ಮಾತೇ ಬೇಡ. ಗಪ್ಪಿಯ ಮೂಲ ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಟ್ರಿನಿಡಾಡ್. ಇಂದು ಅದು ಜಗತ್ತಿನ ಎಷ್ಟೋ ಕಡೆಯ ನೀರಿನಲ್ಲಿ ಹೊರಗಿನಿಂದ ಬಂದು ನೆಲೆ ನಿಂತ ಮೀನು. ಅಲ್ಲಿನ ಸ್ಥಳೀಯ ಮೀನುಗಳಿಗೆ ಅದರಿಂದ ತೊಂದರೆಯೇ.

ಹಾಗಾಗಿ ಮನೆಯ ಟ್ಯಾಂಕಿನಲ್ಲಿ ಸಲಕ್ಕೆ ನಾಲ್ಕೈದು ಮರಿ ಉಳಿದರೆ ಸಾಕು ಅನ್ನುವವರ ದಾರಿಯೇ ಬೇರೆ. ಚೆಂದದ ಬಣ್ಣದ ಜೋಡಿ ಇದೆ, ಎಲ್ಲ ಮರಿಯನ್ನೂ ಬೆಳೆಸಬೇಕು ಅನ್ನುವವರ ದಾರಿಯೇ ಬೇರೆ.

ಬಸುರೋ, ಕಾಯಿಲೆಯೋ?

ಹೊಟ್ಟೆ ದಪ್ಪ ಇದ್ದ ಮಾತ್ರಕ್ಕೆ ಬಸುರು ಅಂತಲ್ಲ. ಮೀನನ್ನು ಮೇಲಿನಿಂದ ನೋಡಿ. ಮೈಯ ಹುರುಪೆಗಳು ಮುಳ್ಳಿನ ಹಾಗೆ ಎದ್ದು ನಿಂತಿದ್ದರೆ ಅದು ನೀರು ತುಂಬಿಕೊಳ್ಳುವ ಕಾಯಿಲೆ, ಡ್ರಾಪ್ಸಿ ಅಂತಾರೆ. ಬಸುರಿಯ ಮೈ ನುಣುಪಾಗೇ ಇರುತ್ತದೆ. ಹೊಟ್ಟೆಯ ಹಿಂದೆ, ಗುದದ ಹತ್ತಿರ ಗ್ರ್ಯಾವಿಡ್ ಸ್ಪಾಟ್ ಅನ್ನುವ ಕಪ್ಪು ಮಚ್ಚೆ ದಿನೇ ದಿನೇ ದೊಡ್ಡದಾಗುತ್ತದೆ. ತೆಳು ಬಣ್ಣದ ಹೆಣ್ಣಾದರೆ ಕೊನೆಯ ದಿನಗಳಲ್ಲಿ ಆ ಮಚ್ಚೆಯಲ್ಲಿ ಮರಿಗಳ ಕಣ್ಣುಗಳೇ ಚುಕ್ಕೆ ಚುಕ್ಕೆಯಾಗಿ ಕಾಣುತ್ತವೆ.

ಹೆರಿಗೆ ಹತ್ತಿರ ಬಂದಾಗ ಹೊಟ್ಟೆಯ ಆಕಾರ ಬದಲಾಗುತ್ತದೆ. ದುಂಡಗಿದ್ದದ್ದು ಎದೆಯ ಕೆಳಗೆ ಚೌಕಾಕಾರ ಪಡೆಯುತ್ತದೆ, ಪಕ್ಕದಿಂದ ನೋಡಿದರೆ ಪೆಟ್ಟಿಗೆಯ ಮೂಲೆಯ ಹಾಗೆ. ಮೀನು ಗುಂಪು ಬಿಟ್ಟು ಹೀಟರ್ ಹಿಂದೆಯೋ ಗಿಡದ ಬುಡದಲ್ಲೋ ನಿಲ್ಲುತ್ತದೆ. ಊಟ ಕಡಿಮೆ ಮಾಡುತ್ತದೆ, ಆಗಾಗ ಮೈ ನಡುಗಿಸುತ್ತದೆ. ನನಗೆ ಇವುಗಳಲ್ಲಿ ಹೆಚ್ಚು ನಂಬಿಕೆ ಇರುವುದು ಹೊಟ್ಟೆಯ ಚೌಕದ ಮೇಲೆ. ಮಚ್ಚೆಯ ಬಣ್ಣ ಮೀನಿನಿಂದ ಮೀನಿಗೆ ಬೇರೆ. ಒಂದು ಸಲ ಮರಿ ಹಾಕಿದ ತಾರೀಖನ್ನು ಬರೆದಿಟ್ಟುಕೊಂಡರೆ ಮುಂದಿನದು ಯಾವಾಗ ಅಂತ ಅಂದಾಜು ಸಿಗುತ್ತದೆ. ನೀರು ಬೆಚ್ಚಗಿದ್ದರೆ ಬೇಗ, ತಣ್ಣಗಿದ್ದರೆ ತಡ.

ಬ್ರೀಡರ್ ಬಾಕ್ಸ್

ಇದರ ಲಾಭ ಎಲ್ಲರಿಗೂ ಗೊತ್ತು. ಜಾಗ ಬೇಡ, ಬೇರೆ ಹೀಟರ್ ಬೇಡ, ಮರಿ ಹುಟ್ಟಿದ ಕೂಡಲೇ ಕಣ್ಣಿಗೆ ಬೀಳುತ್ತದೆ. ಒಳಗೆ ಒಂದು ಸೀಳಿನ ತಟ್ಟೆ ಇರುತ್ತದೆ, ಮರಿಗಳು ಅದರಿಂದ ಕೆಳಗೆ ಜಾರುತ್ತವೆ, ತಾಯಿಯ ಬಾಯಿಗೆ ಸಿಗುವುದಿಲ್ಲ.

ತೊಂದರೆ ತಾಯಿಯದ್ದು. ಬಾಕ್ಸ್ ಹಿಡಿಸುವುದು ಸಾಮಾನ್ಯವಾಗಿ ಒಂದೆರಡು ಲೀಟರ್ ನೀರು. ಅಷ್ಟರಲ್ಲಿ ಅಡಗಲು ಜಾಗವಿಲ್ಲ, ಹೊರಗೆ ಗಂಡು ಮೀನುಗಳು ಗಾಜಿನಾಚೆ ಸುತ್ತುತ್ತಿರುತ್ತವೆ. ಮೀನು ಗಾಬರಿಯಾದರೆ ಹೆರಿಗೆಯನ್ನು ತಡೆಹಿಡಿಯುತ್ತದೆ. ಇಲ್ಲವಾದರೆ ಅವಧಿಗೆ ಮುಂಚೆಯೇ ಮರಿ ಹಾಕುತ್ತದೆ. ಅಂಥ ಮರಿಗಳ ಹೊಟ್ಟೆಗೆ ಹಳದಿ ಚೀಲ ಇನ್ನೂ ಅಂಟಿಕೊಂಡಿರುತ್ತದೆ, ಈಜಲು ಬರುವುದಿಲ್ಲ, ಬಹುಪಾಲು ಉಳಿಯುವುದಿಲ್ಲ. ಕೆಲವು ಸಲ ತಾಯಿಯೇ ಸಾಯುತ್ತದೆ.

ಎಲ್ಲ ಬಾಕ್ಸೂ ಒಂದೇ ಅಲ್ಲ. ಗಟ್ಟಿ ಪ್ಲಾಸ್ಟಿಕ್‌ನದಕ್ಕಿಂತ ಬಲೆಯದ್ದು ವಾಸಿ. ನೀರು ಸಲೀಸಾಗಿ ಆಡುತ್ತದೆ. ಆದರೆ ಅದರಲ್ಲಿ ಸೀಳಿನ ತಟ್ಟೆ ಇರುವುದಿಲ್ಲ, ಪಾಚಿ ತುಂಬಬೇಕು. ಟ್ಯಾಂಕಿನ ಹೊರಗೆ ನೇತುಹಾಕಿ, ಏರ್ ಪಂಪಿನಿಂದ ಟ್ಯಾಂಕಿನ ನೀರನ್ನೇ ಹರಿಸುವ ಬಾಕ್ಸ್ ಬರುತ್ತದೆ. ಬಾಕ್ಸೇ ಬೇಕು ಅನ್ನುವವರಿಗೆ ನಾನು ಹೇಳುವುದು ಅದನ್ನೇ, ಅದರಲ್ಲಿ ನೀರು ಕೊಳೆಯುವುದಿಲ್ಲ.

ಯಾವುದೇ ಇರಲಿ, ತಾಯಿಯನ್ನು ಅದರಲ್ಲಿ ಇಡುವುದು ಗಂಟೆಗಳ ಲೆಕ್ಕದಲ್ಲಿರಲಿ, ದಿನಗಳ ಲೆಕ್ಕದಲ್ಲಿ ಬೇಡ. ಹೊಟ್ಟೆ ಚೌಕವಾಗಿ, ಮೈ ನಡುಗುವುದು ಶುರುವಾದ ಮೇಲೆ ಮಾತ್ರ ಬಿಡಿ. ಒಂದು ದಿನದಲ್ಲಿ ಮರಿ ಬರದಿದ್ದರೆ ಹೊರಗೆ ಬಿಟ್ಟುಬಿಡಿ. ಬಲೆಯಲ್ಲಿ ಹಿಡಿದು ನೀರಿನಿಂದ ಎತ್ತಬೇಡಿ. ಒಂದು ಲೋಟವನ್ನು ಮುಳುಗಿಸಿ, ಮೀನನ್ನು ಮೆಲ್ಲಗೆ ಅದರೊಳಗೆ ಬರಮಾಡಿಕೊಂಡು ನೀರಿನ ಸಮೇತ ಸಾಗಿಸಿ. ಸಣ್ಣ ವಿಷಯ ಅನಿಸಬಹುದು. ತುಂಬು ಬಸುರಿಗೆ ಅದು ಸಣ್ಣದಲ್ಲ.

ಬಾಕ್ಸಿಗೆ ಒಂದು ಒಳ್ಳೆಯ ಉಪಯೋಗ ಇದೆ. ತಾಯಿಗಲ್ಲ, ಮರಿಗಳಿಗೆ. ದೊಡ್ಡ ಟ್ಯಾಂಕಿನಲ್ಲಿ ಹುಟ್ಟಿದ ಮರಿಗಳನ್ನು ಲೋಟದಲ್ಲಿ ಹಿಡಿದು ಮೊದಲ ಒಂದೆರಡು ವಾರ ಬಲೆಯ ಬಾಕ್ಸಿನಲ್ಲಿ ಇಡಬಹುದು. ಅಲ್ಲಿ ಹಾಕಿದ ಊಟ ಅವಕ್ಕೇ ಸಿಗುತ್ತದೆ.

ಬೇರೆ ಟ್ಯಾಂಕ್

ಎಲ್ಲ ಮರಿಯನ್ನೂ ಉಳಿಸಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. 20ರಿಂದ 40 ಲೀಟರ್ ಸಾಕು. ಒಳಗೆ ಒಂದು ಹೀಟರ್, ಒಂದು ಸ್ಪಂಜ್ ಫಿಲ್ಟರ್, ಒಂದು ದೊಡ್ಡ ಗುಡ್ಡೆ ಪಾಚಿ, ತೇಲುವ ಗಿಡ ಒಂದಿಷ್ಟು. ಕೆಳಗೆ ಕಲ್ಲು ಮರಳು ಏನೂ ಬೇಡ. ಬರಿ ಗಾಜಿನ ತಳ ಇದ್ದರೆ ಉಳಿದ ಆಹಾರ, ಕೊಳೆ ಎಲ್ಲ ಕಣ್ಣಿಗೆ ಕಾಣುತ್ತದೆ, ಕೊಳವೆಯಲ್ಲಿ ಎಳೆದುಹಾಕಬಹುದು.

ಇಲ್ಲಿ ಎಡವುವುದು ಒಂದೇ ಕಡೆ. ಹೊಸ ಟ್ಯಾಂಕ್, ಹೊಸ ಫಿಲ್ಟರ್, ಹೊಸ ನೀರು ತುಂಬಿ ಅವತ್ತೇ ಬಸುರಿಯನ್ನು ಬಿಡುವುದು. ಮೀನಿನ ಕೊಳೆಯಿಂದ ಅಮೋನಿಯಾ ಬರುತ್ತದೆ. ಅದನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಹೊಸ ಫಿಲ್ಟರಿನಲ್ಲಿ ಇರುವುದೇ ಇಲ್ಲ. ಅವು ಬಂದು ನೆಲೆಗೊಳ್ಳಲು ವಾರಗಳು ಬೇಕು. ಅಷ್ಟರೊಳಗೆ ಅಮೋನಿಯಾ ಮರಿಗಳ ಕಿವಿರು ಸುಟ್ಟುಬಿಡುತ್ತದೆ. ನೀರು ಮಾತ್ರ ನೋಡಲು ಕನ್ನಡಿಯ ಹಾಗೆ ಇರುತ್ತದೆ, ಅದೇ ಮೋಸ.

ಇದಕ್ಕೆ ಸುಲಭದ ಉಪಾಯ ಇದೆ. ಸ್ಪಂಜ್ ಫಿಲ್ಟರನ್ನು ಮೂರು ನಾಲ್ಕು ವಾರ ಮುಂಚೆಯೇ ದೊಡ್ಡ ಟ್ಯಾಂಕಿನಲ್ಲಿ ಓಡಿಸಿ. ಮರಿ ಟ್ಯಾಂಕ್ ಬೇಕಾದ ದಿನ ಅದನ್ನು ಒದ್ದೆಯಾಗಿಯೇ ಎತ್ತಿ ಅಲ್ಲಿ ಹಾಕಿ. ನೀರನ್ನೂ ದೊಡ್ಡ ಟ್ಯಾಂಕಿನಿಂದಲೇ ತುಂಬಿ. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ಕ್ಲೋರಿನ್ ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿದರೆ ಸಾಕು.

ತಾಯಿಯನ್ನು ಹೆರಿಗೆಗೆ ಒಂದು ವಾರ ಮೊದಲೇ ಇಲ್ಲಿಗೆ ತಂದರೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ಮರಿ ಹಾಕಿ ಮುಗಿದ ಮೇಲೆ ತಾಯಿಯನ್ನು ಹೊರಗೆ ತೆಗೆಯಬೇಕು, ಇಲ್ಲದಿದ್ದರೆ ಹಸಿದ ತಾಯಿ ತನ್ನ ಮರಿಗಳನ್ನೇ ಹಿಡಿಯುತ್ತದೆ. ಆದರೆ ನೇರವಾಗಿ ಗಂಡುಗಳ ನಡುವೆ ಬಿಡಬೇಡಿ. ಹೆತ್ತ ಕೂಡಲೇ ಗಂಡುಗಳು ಬೆನ್ನು ಬೀಳುತ್ತವೆ, ಸುಸ್ತಾದ ಮೀನಿಗೆ ಓಡುವ ಶಕ್ತಿ ಇರುವುದಿಲ್ಲ. ಬಾಣಂತಿಗೆ ಒಂದು ದಿನವಾದರೂ ಒಂಟಿ ಜಾಗ, ಒಳ್ಳೆಯ ಊಟ ಕೊಡಿ. ಬ್ರೀಡರ್ ಬಾಕ್ಸ್ ಇದಕ್ಕೂ ಆಗುವುದಿಲ್ಲ. ಹೆಣ್ಣುಗಳು ಮಾತ್ರ ಇರುವ ಟ್ಯಾಂಕ್ ಇದ್ದರೆ ಎಲ್ಲಕ್ಕಿಂತ ಚೆನ್ನ. ಒಟ್ಟಿಗೆ ಸಾಕುವವರು ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರುವ ಹಾಗೆ ನೋಡಿಕೊಂಡರೆ ಒಂದೇ ಹೆಣ್ಣಿನ ಮೇಲೆ ಕಾಟ ಬೀಳುವುದಿಲ್ಲ.

ಗಿಡಗಳ ಮರೆ

ನನ್ನ ಮೆಚ್ಚಿನ ದಾರಿ ಇದು. ತಾಯಿಯನ್ನು ಮುಟ್ಟುವುದೇ ಇಲ್ಲ. ಅದು ತಾನಿರುವ ಟ್ಯಾಂಕಿನಲ್ಲೇ, ತನಗೆ ಇಷ್ಟವಾದ ಮೂಲೆಯಲ್ಲಿ ಮರಿ ಹಾಕುತ್ತದೆ.

ಹೆರಿಗೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಮರಿ ಸುರುಳಿ ಸುತ್ತಿಕೊಂಡು ಒಂದು ಕಾಳಿನ ಹಾಗೆ ಹೊರಗೆ ಬೀಳುತ್ತದೆ. ಒಂದೆರಡು ಕ್ಷಣ ಹಾಗೇ ಕೆಳಗಿಳಿಯುತ್ತದೆ. ಆಮೇಲೆ ಬಾಲ ಬಿಚ್ಚಿಕೊಂಡು ಚಿಮ್ಮುತ್ತದೆ. ಉದ್ದ ಆರೇಳು ಮಿಲಿಮೀಟರ್ ಅಷ್ಟೇ. ಆ ಒಂದೆರಡು ಕ್ಷಣದಲ್ಲಿ ಹತ್ತಿರ ಮರೆ ಸಿಕ್ಕಿದರೆ ಬದುಕಿತು, ಸಿಗದಿದ್ದರೆ ಯಾರದೋ ಬಾಯಿಗೆ. ಗಿಡ ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ, ಎಷ್ಟು ಒತ್ತಾಗಿದೆ ಅನ್ನುವುದು ಮುಖ್ಯ ಆಗುವುದು ಅದಕ್ಕೇ.

ಜಾವಾ ಮಾಸ್ ತಳದಲ್ಲಿ ಕೆಲಸ ಮಾಡುತ್ತದೆ, ಕಡಿಮೆ ಬೆಳಕಿನಲ್ಲೂ ಬೆಳೆಯುತ್ತದೆ. ಹಾರ್ನ್‌ವರ್ಟ್ ಮತ್ತು ಗಪ್ಪಿ ಗ್ರಾಸ್ ಅನ್ನುವ ಗಿಡಗಳು ನೀರಿನ ಮೇಲೆ ತೇಲಿಕೊಂಡು ದಟ್ಟವಾಗಿ ಹಬ್ಬುತ್ತವೆ. ಮೊದಲ ದಿನ ದಾಟಿದ ಮರಿಗಳು ಹೆಚ್ಚಾಗಿ ನೀರಿನ ಮೇಲ್ಭಾಗದಲ್ಲೇ ಇರುವುದರಿಂದ ತೇಲುವ ಗಿಡಕ್ಕೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಎರಡರಲ್ಲಿ ಒಂದೇ ಆಗುವುದು ಅಂದರೆ ಗಪ್ಪಿ ಗ್ರಾಸ್ ಹಾಕಿ. ಹಾರ್ನ್‌ವರ್ಟ್ ಜಾಗ ಬದಲಾದಾಗ ಸೂಜಿ ಎಲೆಗಳನ್ನು ಉದುರಿಸುತ್ತದೆ, ಅವು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತವೆ. ಅಗಲ ಎಲೆಯ ಗಿಡಗಳು ಚೆಂದ, ಆದರೆ ಮರಿಗಳಿಗೆ ಮರೆಯಾಗುವುದಿಲ್ಲ. ಪ್ಲಾಸ್ಟಿಕ್ ಗಿಡ ಒತ್ತಾಗಿದ್ದರೆ ಅಡಗಲು ಆಗುತ್ತದೆ, ಅಷ್ಟೇ. ಜೀವಂತ ಪಾಚಿಯ ಮೇಲೆ ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಬೆಳೆಯುತ್ತವೆ. ಮರಿಗಳು ಇಡೀ ದಿನ ಅದನ್ನು ಕುಕ್ಕುತ್ತಾ ಇರುತ್ತವೆ.

ಈ ದಾರಿಯಲ್ಲಿ ಮರಿಗಳ ಒಂದು ಪಾಲು ಹೋಗುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಟ್ಯಾಂಕಿನಲ್ಲಿ ಗಪ್ಪಿಗಳಷ್ಟೇ ಇದ್ದರೆ ಸಾಕಷ್ಟು ಉಳಿಯುತ್ತವೆ. ಏಂಜಲ್, ಬಾರ್ಬ್, ಗೌರಾಮಿ ಜಾತಿಯ ಮೀನುಗಳಿದ್ದರೆ ಒಂದೂ ಉಳಿಯದೆ ಇರಬಹುದು. ಅಂಥ ಟ್ಯಾಂಕಿದ್ದವರು ಬೇರೆ ಟ್ಯಾಂಕ್ ಮಾಡಲೇಬೇಕು. ಇನ್ನೊಂದು ವಿಷಯ: ಹೆರಿಗೆಯ ದಿನಗಳಲ್ಲಿ ದೊಡ್ಡ ಮೀನುಗಳಿಗೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಊಟ ಹಾಕಿ. ಹೊಟ್ಟೆ ತುಂಬಿದ ಮೀನು ಮರಿಯ ಹಿಂದೆ ಅಷ್ಟಾಗಿ ಓಡುವುದಿಲ್ಲ.

ಫಿಲ್ಟರ್ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾಗಿಲ್ಲ. ಮರಿ ಇರುವ ಕಡೆ ಸ್ಪಂಜ್ ಫಿಲ್ಟರೇ ಸರಿ. ನೇತುಹಾಕುವ ಫಿಲ್ಟರ್ ಈಗಾಗಲೇ ಇದ್ದರೆ ನೀರೆಳೆಯುವ ಬಾಯಿಗೆ ಸ್ಪಂಜ್ ತುಂಡು ಬಿಗಿಯಾಗಿ ಸುತ್ತಿ. ಇಲ್ಲದಿದ್ದರೆ ಬೆಳಿಗ್ಗೆ ಮರಿಗಳು ಇರುವುದು ಫಿಲ್ಟರಿನೊಳಗೆ.

ಮರಿಗಳ ಊಟ: ಯಾವುದು, ಎಷ್ಟು ಸಲ

ಗಪ್ಪಿ ಮರಿ ಮೊಟ್ಟೆಯಿಂದ ಹೊರಬಂದ ಮರಿಯ ಹಾಗಲ್ಲ. ಹುಟ್ಟುವಾಗಲೇ ಬಾಯಿ ದೊಡ್ಡದು, ಕೆಲವೇ ಗಂಟೆಗಳಲ್ಲಿ ತಿನ್ನಲು ಶುರು ಮಾಡುತ್ತದೆ. ಹಾಗಾಗಿ ಇನ್ಫ್ಯೂಸೋರಿಯಾ ಅನ್ನುವ ನೀರಿನ ಸೂಕ್ಷ್ಮಜೀವಿಗಳನ್ನು ಬೆಳೆಸುವ ಕಷ್ಟ ಬೇಡ, ಅದು ಇನ್ನೂ ಸಣ್ಣ ಬಾಯಿಯ ಮರಿಗಳಿಗೆ.

ಸುಲಭದ್ದು ಫ್ಲೇಕ್, ಅಂದರೆ ತೆಳು ಚೂರುಗಳಂಥ ಒಣ ಮೀನಿನಾಹಾರದ ಪುಡಿ. ದೊಡ್ಡ ಮೀನುಗಳ ಫ್ಲೇಕನ್ನೇ ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ರಂಗೋಲಿ ಪುಡಿಗಿಂತ ನುಣ್ಣಗೆ ಮಾಡಿ ಉದುರಿಸಿ. ಇದರ ಮೇಲೇ ಮರಿಗಳು ಬೆಳೆಯುತ್ತವೆ. ಮೊಟ್ಟೆಯ ಹಳದಿ ಹಾಕಿ ಅಂತ ಹಳಬರು ಹೇಳುತ್ತಾರೆ. ಬೇಯಿಸಿದ ಹಳದಿಯಲ್ಲಿ ಸತ್ವ ಇದೆ, ನಿಜ. ಆದರೆ ಸಾಸಿವೆ ಕಾಳಿನಷ್ಟು ಜಾಸ್ತಿಯಾದರೂ ಸಣ್ಣ ಟ್ಯಾಂಕಿನ ನೀರು ಸಂಜೆಗೆ ಹಾಲಿನ ಹಾಗೆ ಆಗಿ ವಾಸನೆ ಬರುತ್ತದೆ. ಬೇರೆ ಏನೂ ಕೈಗೆ ಸಿಗದ ದಿನಕ್ಕೆ ಮಾತ್ರ ಅದನ್ನು ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಮೇಲು ಆಗತಾನೆ ಒಡೆದ ಬ್ರೈನ್ ಶ್ರಿಂಪ್ ಮರಿ. ಇದು ಉಪ್ಪುನೀರಿನ, ಸಿಗಡಿಯಂಥ ಪುಟ್ಟ ಜೀವಿ, ಆರ್ಟೀಮಿಯಾ ಅಂತಲೂ ಹೇಳುತ್ತಾರೆ. ಒಂದು ಬಾಟಲಿಯನ್ನು ತಲೆಕೆಳಗಾಗಿಸಿ ತಳ ಕತ್ತರಿಸಿ, ಒಂದು ಲೀಟರ್ ನೀರಿಗೆ ಸುಮಾರು 25 ಗ್ರಾಂ ಉಪ್ಪು ಹಾಕಿ, ಕಾಲು ಚಮಚ ಆರ್ಟೀಮಿಯಾ ಮೊಟ್ಟೆ ಸುರಿದು, ಕೆಳಗಿನಿಂದ ಗಾಳಿ ಬಿಡಿ. 26ರಿಂದ 28 ಡಿಗ್ರಿ ಬಿಸಿ ಇದ್ದರೆ 24ರಿಂದ 36 ಗಂಟೆಯಲ್ಲಿ ಒಡೆಯುತ್ತವೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಚಿಪ್ಪು ಮೇಲೆ ತೇಲುತ್ತದೆ, ಜೀವಂತ ಮರಿಗಳು ಕೆಳಗೆ ಸೇರುತ್ತವೆ. ಕೆಳಗೆ ಟಾರ್ಚ್ ಹಿಡಿದರೆ ಬೆಳಕಿನತ್ತ ಇನ್ನೂ ಒತ್ತಾಗಿ ಬರುತ್ತವೆ. ಸಣ್ಣ ಕೊಳವೆಯಲ್ಲಿ ಎಳೆದು, ನುಣ್ಣನೆಯ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಿ. ಚಿಪ್ಪು ಬರದ ಹಾಗೆ ನೋಡಿಕೊಳ್ಳಿ, ಅದು ಜೀರ್ಣವಾಗುವುದಿಲ್ಲ. ಒಡೆದ ದಿನವೇ ಹಾಕಬೇಕು, ಹೊತ್ತು ಕಳೆದಂತೆ ಅವುಗಳ ಮೈಯ ಸತ್ವ ಇಳಿಯುತ್ತದೆ.

ಹಾಕಿದ ಐದು ನಿಮಿಷಕ್ಕೆ ಬೆಳಕಿಗೆ ಹಿಡಿದು ನೋಡಿ. ಗಾಜಿನಂಥ ಮರಿಗಳ ಹೊಟ್ಟೆ ಒಂದೊಂದಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಯಾವ ಮರಿಗೆ ಊಟ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಅಂತ ಎಣಿಸಿ ಹೇಳಬಹುದು. ಫ್ಲೇಕ್ ಪುಡಿಯಲ್ಲಿ ಈ ಸುಖ ಇಲ್ಲ.

ದಿನಾ ಇಷ್ಟೆಲ್ಲ ಆಗುವುದಿಲ್ಲ ಅನ್ನುವವರಿಗೆ ಮೈಕ್ರೋವರ್ಮ್ ಅನ್ನುವ ಪುಟ್ಟ ಹುಳು ಇದೆ. ಓಟ್ಸ್ ಗಂಜಿಯ ಮೇಲೆ ಬೆಳೆಯುತ್ತದೆ, ಡಬ್ಬಿಯ ಗೋಡೆಗೆ ಹತ್ತುತ್ತದೆ, ಬೆರಳಲ್ಲಿ ಒರೆಸಿ ಹಾಕಿದರಾಯಿತು. ನಾನು ಬೆಳಿಗ್ಗೆ ಬ್ರೈನ್ ಶ್ರಿಂಪ್, ಉಳಿದ ಹೊತ್ತು ಫ್ಲೇಕ್ ಪುಡಿ ಹಾಕುತ್ತೇನೆ. ಮೊದಲ ತಿಂಗಳು ದಿನಕ್ಕೆ ಮೂರರಿಂದ ಐದು ಸಲ, ಪ್ರತಿ ಸಲವೂ ಎರಡು ಮೂರು ನಿಮಿಷದಲ್ಲಿ ಮುಗಿಯುವಷ್ಟು. ಒಂದೇ ಸಲ ಜಾಸ್ತಿ ಹಾಕಿ ಕೆಲಸಕ್ಕೆ ಹೋಗುವುದು ಬೇಡ. ಮರಿ ಹಸಿವಿನಿಂದ ಸಾಯುವುದಕ್ಕಿಂತ ಕೊಳೆತ ಊಟದ ನೀರಿನಿಂದ ಸಾಯುವುದೇ ಹೆಚ್ಚು.

ನೀರು

24ರಿಂದ 27 ಡಿಗ್ರಿ, ಪಿಎಚ್ 7ರಿಂದ 8. ಗಪ್ಪಿಗೆ ಗಡಸು ನೀರೇ ಇಷ್ಟ, ಮೆದು ನೀರಿದ್ದವರು ಫಿಲ್ಟರಿನಲ್ಲಿ ಸ್ವಲ್ಪ ಹವಳದ ಪುಡಿ ಇಡಬಹುದು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು.

ವಾರಕ್ಕೊಮ್ಮೆ ಅರ್ಧ ಟ್ಯಾಂಕ್ ಬದಲಾಯಿಸುವುದೋ, ದಿನಾ ಸ್ವಲ್ಪ ಬದಲಾಯಿಸುವುದೋ? ಮರಿ ಟ್ಯಾಂಕಿಗೆ ಎರಡನೆಯದೇ. ದಿನಕ್ಕೆ ಅಥವಾ ದಿನ ಬಿಟ್ಟು ದಿನ ಶೇಕಡಾ 10ರಿಂದ 20. ಗಾಳಿ ಕೊಳವೆಯಷ್ಟು ಸಣ್ಣ ಪೈಪಿನಿಂದ ತಳದ ಕೊಳೆ ಎಳೆದು ಬಿಳಿ ಬಕೆಟ್ಟಿಗೆ ಬಿಡಿ. ಬಿಳಿಯೇ ಇರಲಿ, ಒಂದು ಮರಿ ಜಾರಿ ಬಂದರೂ ಕಾಣುತ್ತದೆ. ಹೊಸ ನೀರಿನ ಕ್ಲೋರಿನ್ ತೆಗೆದು, ಬಿಸಿಯನ್ನು ಸರಿ ಮಾಡಿ, ನಿಧಾನಕ್ಕೆ ಹನಿಸಿ. ದೀಪ ಹನ್ನೆರಡು ಗಂಟೆಗಿಂತ ಜಾಸ್ತಿ ಬೇಡ, ಮರಿಗಳಿಗೂ ಕತ್ತಲೆ ಬೇಕು.

ಯಾವಾಗ ಬೇರೆ ಮಾಡುವುದು, ಯಾವಾಗ ಕೂಡಿಸುವುದು

ಮೂರು ನಾಲ್ಕು ವಾರ ಆದಾಗ ಒಂದೊಂದು ಮರಿಯ ಹೊಟ್ಟೆಯ ಕೆಳಗಿನ ರೆಕ್ಕೆಯನ್ನು ನೋಡಿ. ಬೀಸಣಿಗೆಯ ಹಾಗೆ ಅಗಲ ಇದ್ದು, ಮಚ್ಚೆ ಮೂಡುತ್ತಿದ್ದರೆ ಹೆಣ್ಣು. ಕಡ್ಡಿಯ ಹಾಗೆ ಸಪೂರವಾಗಿ ಚೂಪಾಗುತ್ತಿದ್ದರೆ ಗಂಡು. ಇನ್ನಷ್ಟು ಮರಿ ಬೇಡ ಅನ್ನುವವರು ಆಗಲೇ ಎರಡನ್ನೂ ಬೇರೆ ಮಾಡಬೇಕು. ಬಣ್ಣ ಪೂರ್ತಿ ಬರಲಿ ಅಂತ ಕಾದರೆ ತಡವಾಗಿರುತ್ತದೆ, ಇಷ್ಟು ಸಣ್ಣ ಹೆಣ್ಣು ಬಸುರಾದರೆ ಅದರ ಬೆಳವಣಿಗೆಯೂ ಕುಂಠಿತ.

ದೊಡ್ಡ ಟ್ಯಾಂಕಿಗೆ ಬಿಡಲು ನಾನು ವಯಸ್ಸು ನೋಡುವುದಿಲ್ಲ, ಉದ್ದ ನೋಡುತ್ತೇನೆ. ಒಂದೂವರೆ ಸೆಂಟಿಮೀಟರ್ ದಾಟಿ, ಇರುವುದರಲ್ಲೇ ದೊಡ್ಡ ಹೆಣ್ಣಿನ ಬಾಯಿಗಿಂತ ಮರಿಯ ಮೈ ಸ್ಪಷ್ಟವಾಗಿ ದಪ್ಪ ಕಾಣಬೇಕು. ಅಷ್ಟಾಗದ ಸಣ್ಣವು ಇನ್ನೆರಡು ವಾರ ಅಲ್ಲೇ ಇರಲಿ. ಬಿಡುವ ಸಂಜೆ ಮೊದಲು ದೊಡ್ಡ ಮೀನುಗಳಿಗೆ ಹೊಟ್ಟೆ ತುಂಬಾ ಊಟ ಹಾಕಿ. ಆಮೇಲೆ ದೀಪ ಆರಿಸಿ. ಮರಿಗಳನ್ನು ಲೋಟದಲ್ಲಿ ತಂದು, ತೇಲುವ ಗಿಡದ ಕೆಳಗೆ ಲೋಟವನ್ನು ಓರೆ ಮಾಡಿ, ಅವಾಗಿಯೇ ಈಜಿ ಹೊರಗೆ ಹೋಗುವವರೆಗೆ ಕೈ ಅಲ್ಲಾಡಿಸದೆ ಹಿಡಿದಿರಿ.